ಪಕ್ಕದ ಮನೆ ಮುಂದಿನ ಸ್ನೋ ಯಾರು ತೆಗೆಯಬೇಕು?

ಈ ಸಲದ ಟಪಾಲಿನಲ್ಲಿ ಮೂರು ಪತ್ರ ಸ್ನೋ ಬಗ್ಗೆಯೇ. ಚಳಿಗಾಲ ಅಲ್ವಾ. ಮೂರೂ ಶಿಕಾಗೊ ನಗರಕ್ಕೆ ಸಂಬಂಧಪಟ್ಟವು, ನಾನಿರುವುದೂ ಇಲ್ಲೇ, ಹಾಗಾಗಿ ಉತ್ತರವೂ ಇಲ್ಲಿಯ ಲೆಕ್ಕದಲ್ಲೇ ಇದೆ. ಬೇರೆ ಊರಿನವರು, ಸುತ್ತಲಿನ ಸಬರ್ಬ್‌ನವರೂ ಸೇರಿ, ತಮ್ಮ ಊರಿನ ನಿಯಮ ವಿಚಾರಿಸಿಕೊಳ್ಳಿ. ನಾನು ವಕೀಲೆ ಅಲ್ಲ. ಬಾಡಿಗೆ ಕಟ್ಟಡಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ ಕೂತು, ಇಂಥ ದೂರುಗಳಿಗೆ ಉತ್ತರ ಕೊಟ್ಟು ನಿವೃತ್ತಳಾದವಳು.

ಪ್ರಶ್ನೆ: ಅಕ್ಕ, ನಾವು ದಾವಣಗೆರೆ ಕಡೆಯವರು. ಶಿಕಾಗೊದ ವಾಯುವ್ಯ ಭಾಗದಲ್ಲಿ ಹಳೇ ಬಂಗಲೋ ತಗೊಂಡಿದ್ದೇವೆ. ಇದು ಎರಡನೇ ಚಳಿಗಾಲ. ಎಡಗಡೆ ಮನೆಯಲ್ಲಿ ವಯಸ್ಸಾದ ಒಬ್ಬರಿದ್ದಾರೆ. ಸ್ನೋ ಬಿದ್ದ ದಿನ ನಾವು ಏಳುವ ಹೊತ್ತಿಗೆ ಅವರೇ ಸ್ನೋಬ್ಲೋವರ್ ತಂದು ನಮ್ಮ ಮನೆ ಮುಂದೂ ತೆಗೆದಿರುತ್ತಾರೆ. ಬಲಗಡೆಯದು ಬಾಡಿಗೆ ಮನೆ. ಅಲ್ಲಿ ಯಾರೂ ಶವೆಲ್ ಮುಟ್ಟುವುದಿಲ್ಲ. ಅವರ ಸೈಡ್‌ವಾಕ್‌ನಲ್ಲಿ, ನಮ್ಮ ಬೇಲಿ ಮುಗಿಯುವ ಕಡೆ, ಸ್ನೋ ಬೀಳದ ವಾರದಲ್ಲೂ ಐಸ್ ಇರುತ್ತದೆ. ನಮ್ಮತ್ತೆ ಅಲ್ಲೇ ಜಾರಿ ಬಿದ್ದು ಮೊಣಕೈ ಊದಿಸಿಕೊಂಡರು. ನಗರಪಾಲಿಕೆಯ ದೂರಿನ ನಂಬರ್ 311ಕ್ಕೆ ದೂರು ಕೊಡೋಣ ಅಂತ ನಾನು. ಅಕ್ಕಪಕ್ಕದವರ ಜೊತೆ ಜಗಳ ಬೇಡ ಅಂತ ನಮ್ಮ ಮನೆಯವರು. ಅದರ ಮೇಲೆ ಅವರ ಆಫೀಸಿನವರೊಬ್ಬರು, "ನೀವೂ ತೆಗೆಯೋಕೆ ಹೋಗಬೇಡಿ. ಮುಟ್ಟದೆ ಬಿಟ್ಟರೆ ಅದು ದೇವರು ಹಾಕಿದ್ದು. ಮುಟ್ಟಿದ ಮೇಲೆ ಯಾರಾದರೂ ಬಿದ್ದರೆ ನಿಮ್ಮ ಮೇಲೆ ಕೇಸ್" ಅಂದರಂತೆ. ಯಾವುದು ನಿಜ?
— ಹೆಸರು ಬೇಡ, ಶಿಕಾಗೊ

ಉತ್ತರ: ಮೊದಲು ಆ ಆಫೀಸಿನವರ ಮಾತು ನೋಡೋಣ. ಅದು ಪೂರ್ತಿ ಗಾಳಿ ಮಾತಲ್ಲ. ತಾನಾಗಿ ಬಿದ್ದ ಸ್ನೋ ಮೇಲೆ ಯಾರಾದರೂ ಜಾರಿದರೆ ಆಸ್ತಿಯ ಮಾಲೀಕ ಹೊಣೆಯಲ್ಲ ಅನ್ನುವುದು ಶಿಕಾಗೊ ಇರುವ ರಾಜ್ಯ ಇಲಿನಾಯ್‌ನ ಕೋರ್ಟುಗಳು ಹಿಂದಿನಿಂದ ಹೇಳಿಕೊಂಡು ಬಂದ ಮಾತು. ನೀವು ಗುಡ್ಡೆ ಹಾಕಿ, ಅದು ಕರಗಿ, ಹರಿದು, ಮತ್ತೆ ಗಟ್ಟಿಯಾದರೆ ಕಥೆ ಬೇರೆ. ಇದನ್ನು ಕೇಳಿದ ಜನ "ಹಾಗಾದರೆ ಮುಟ್ಟದಿರುವುದೇ ಕ್ಷೇಮ" ಅಂತ ತೀರ್ಮಾನ ಮಾಡಿಕೊಂಡರು. ಆ ಹೆದರಿಕೆ ಹೋಗಲಿ ಅಂತಲೇ ರಾಜ್ಯ 1979ರಲ್ಲಿ ಒಂದು ಕಾಯಿದೆ ತಂದಿತು. ಮನೆಗೆ ಹೊಂದಿದ ಸೈಡ್‌ವಾಕ್‌ನ ಸ್ನೋ, ಐಸ್ ತೆಗೆಯಲು ಹೋದವರು ಸರಿಯಾಗಿ ತೆಗೆಯಲಿಲ್ಲ ಅನ್ನುವ ಕಾರಣಕ್ಕೆ ಪರಿಹಾರ ಕೊಡಬೇಕಿಲ್ಲ, ಬೇಕೆಂದೇ ಅಥವಾ ಯಾರಿಗೆ ಏನಾದರೆ ನನಗೇನು ಅಂತ ಮಾಡಿದ್ದರೆ ಮಾತ್ರ ಹೊಣೆ, ಅನ್ನುತ್ತದೆ ಅದು. ಅಂದರೆ ಶವೆಲ್ ಹಿಡಿದವರಿಗೆ ಕಾನೂನೇ ಬೆನ್ನಿಗಿದೆ.

ಇನ್ನು ನಗರದ ನಿಯಮ. ಅದರಲ್ಲಿ "ತೆಗೆದರೆ ಒಳ್ಳೆಯದು" ಅಂತಿಲ್ಲ, ತೆಗೆಯಲೇಬೇಕು ಅಂತಿದೆ. ಬೆಳಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದದ್ದನ್ನು ಅದೇ ರಾತ್ರಿ 10ರೊಳಗೆ, ಸಂಜೆ 7ರ ಮೇಲೆ ಬಿದ್ದದ್ದನ್ನು ಮರುದಿನ ಬೆಳಗ್ಗೆ 10ರೊಳಗೆ ತೆಗೆಯಬೇಕು. ದಾರಿ ಕನಿಷ್ಠ 5 ಅಡಿ ಅಗಲ ಇರಬೇಕು. ಭಾನುವಾರ, ಹಬ್ಬ ಅಂತ ವಿನಾಯಿತಿ ಇಲ್ಲ. ತೆಗೆಯದಿದ್ದರೆ ದಿನಕ್ಕೆ 50ರಿಂದ 500 ಡಾಲರ್ ತನಕ ದಂಡ. ಒಂದು ಶವೆಲ್ ಅಗಲದ ಗೀರು ಎಳೆದು ಒಳಗೆ ಹೋಗಿ ಚಹಾ ಕುಡಿಯುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಆ ಗೀರಿನಲ್ಲಿ ವೀಲ್‌ಚೇರ್ ಹೋಗುತ್ತಾ? ಮಗು ಕೂತ ಸ್ಟ್ರೋಲರ್ ಹೋಗುತ್ತಾ? 5 ಅಡಿ ಅಂದದ್ದು ಅದಕ್ಕೇ.

ಮಾಲೀಕ ಮಾಡಬೇಕಾ, ಬಾಡಿಗೆಯವರಾ ಅಂದರೆ ನಿಯಮ ಇಬ್ಬರನ್ನೂ ಹೆಸರಿಸುತ್ತದೆ. ಅವರವರ ನಡುವೆ ಕೆಲಸ ಯಾರದ್ದು ಅನ್ನುವುದು ಬಾಡಿಗೆ ಕರಾರಿನಲ್ಲಿರುತ್ತದೆ. "ಅವರು ಮಾಡ್ತಾರೆ ಅಂದ್ಕೊಂಡೆ" ಅಂತ ಇಬ್ಬರೂ ಹೇಳುವುದನ್ನು ನಾನು ಕೆಲಸದಲ್ಲಿದ್ದಾಗ ಕೇಳಿ ಕೇಳಿ ಸುಸ್ತಾಗಿದ್ದೇನೆ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಸ್ನೋ ಬೀಳದ ವಾರದಲ್ಲೂ ಒಂದೇ ಜಾಗದಲ್ಲಿ ಐಸ್ ಇರುತ್ತದೆ ಅಂದಿರಿ. ಹಾಗಿದ್ದರೆ ಅದು ಮೋಡದಿಂದ ಬಂದದ್ದಲ್ಲ, ಸೂರಿನಿಂದ ಬಂದದ್ದು. ನಮ್ಮ ಬಂಗಲೋಗಳ ನಡುವೆ ಗ್ಯಾಂಗ್‌ವೇ ಅಂತ ಕಿರಿದಾದ ಸಂದಿ ಇರುತ್ತದಲ್ಲ, ಎರಡೂ ಮನೆಯ ಸೂರಿನ ನೀರು ಇಳಿಸುವ ಡೌನ್‌ಸ್ಪೌಟ್ ಪೈಪುಗಳು ಹೆಚ್ಚಾಗಿ ಅಲ್ಲಿಗೇ ಇಳಿಯುತ್ತವೆ. ಬಿಸಿಲು ಬಂದ ದಿನ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಅಲ್ಲಿ ಹೋಗಿ ನಿಂತು ನೋಡಿ. ಸೂರಿನ ಸ್ನೋ ಕರಗಿ, ಪೈಪಿನ ಕೆಳಗಿನ ಬಾಗಿದ ತುದಿಯಿಂದ ತೊಟ್ಟಿಕ್ಕುತ್ತಿರುತ್ತದೆ. ಆ ನೀರು ಸಂದಿಯ ಕಾಂಕ್ರೀಟ್ ಮೇಲೆ ಬೆರಳಗಲ ಹರಿದು ಸೈಡ್‌ವಾಕ್ ದಾಟುತ್ತದೆ. ಎರಡು ಗಂಟೆಗೆ ಅದು ಬರೀ ಒದ್ದೆ ಗೆರೆ. ಸಂಜೆ ಐದಕ್ಕೆ ಕಣ್ಣಿಗೇ ಕಾಣದ ಗಾಜು. ನಿಮ್ಮತ್ತೆ ಬಿದ್ದದ್ದು ಅದರ ಮೇಲೆಯೇ ಅಂತ ನನ್ನ ಅನುಮಾನ.

ಈಗ ಪೈಪು ಯಾರದ್ದು ನೋಡಿ. ನಿಮ್ಮದೇ ಆಗಿದ್ದರೂ ಇರಬಹುದು! ಹಾಗಿದ್ದರೆ 311 ಮರೆತು ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಪೈಪಿನ ತುದಿಗೆ ಸಿಕ್ಕಿಸುವ ಉದ್ದನೆ ತುಂಡು ಸಿಗುತ್ತದೆ. ಅದನ್ನು ಹಾಕಿ ನೀರನ್ನು ನಿಮ್ಮ ಹುಲ್ಲಿನ ಕಡೆ ತಿರುಗಿಸಿ, ಪಕ್ಕದವರ ಗೋಡೆ ಕಡೆ ಮಾತ್ರ ಬೇಡ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೇಲೆ ಹೇಳಿದ 1979ರ ಕಾಯಿದೆ ಸ್ನೋ ತೆಗೆಯುವ ಕೆಲಸಕ್ಕೆ ರಕ್ಷಣೆ ಕೊಡುತ್ತದೆಯೇ ಹೊರತು, ಮನೆಯ ಪೈಪು, ಇಳಿಜಾರು ಕೆಟ್ಟು ಐಸ್ ಕಟ್ಟುವುದಕ್ಕಲ್ಲ. ಒಂದು ಕಾಂಡೊ ಸಮುಚ್ಚಯದ ಕೇಸಿನಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನೇ ಹೇಳಿತು. ಶವೆಲ್ ಹಿಡಿದದ್ದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಪೈಪಿಗೆ.

ಪೈಪು ಪಕ್ಕದ ಮನೆಯದೇ ಆಗಿದ್ದರೆ ಬಾಗಿಲು ತಟ್ಟಿ, ಬಾಡಿಗೆಯವರನ್ನು ಕರೆದು ನೀರು ಬರುವ ದಾರಿ ತೋರಿಸಿ. ಮಾಲೀಕರ ನಂಬರ್ ಕೇಳಿ. ಕೊಡದಿದ್ದರೆ ಶಿಕಾಗೊ ಸೇರಿರುವ ಕುಕ್ ಕೌಂಟಿಯ ಆಸ್ತಿ ದಾಖಲೆಯಲ್ಲಿ ವಿಳಾಸ ಹಾಕಿ ಹುಡುಕಬಹುದು. ಫೋಟೋ ಸಮೇತ ಎರಡು ಸಾಲು ಬರೆದು ಕಳಿಸಿ. ಅತ್ತೆ ಬಿದ್ದದ್ದನ್ನೂ ಬರೆಯಿರಿ, ಬೆದರಿಕೆ ಧಾಟಿ ಬೇಡ. ಒಂದು ವಾರವಾದರೂ ಅಲ್ಲಾಡದಿದ್ದರೆ 311. ನಿಮ್ಮ ಮನೆಯವರು ಅದನ್ನು ಜಗಳ ಅಂದದ್ದನ್ನು ನಾನು ಒಪ್ಪಲ್ಲ. ಹೇಳದೆ ಕೇಳದೆ ದೂರು ಕೊಟ್ಟರೆ ಜಗಳ. ಹೇಳಿಯೂ ಮಾಡದವರ ಮೇಲೆ ಕೊಟ್ಟರೆ ನ್ಯಾಯ. ನಿಮ್ಮ ಬೀದಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳೂ ಇದ್ದಾರಲ್ಲ.

ಅಲ್ಲಿಯ ತನಕ ಅವರ ಕಡೆಯದೂ ನಾಲ್ಕು ಶವೆಲ್ ತಳ್ಳಿಬಿಡಿ. ಕಾನೂನಿನ ಪ್ರಕಾರ ನಿಮ್ಮ ಕೆಲಸವಲ್ಲ. ಆದರೆ ದಿನಾ ಅಲ್ಲಿ ನಡೆಯುವವರು ನೀವೇ.

ಎಡಗಡೆ ಹಿರಿಯರ ಬಗ್ಗೆ ನೀವು ಏನೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ದುಡ್ಡು ಕೊಡಲು ಹೋಗಬೇಡಿ, ನೊಂದುಕೊಳ್ಳುತ್ತಾರೆ. ಒಂದೆರಡು ಇಂಚು ಬಿದ್ದ ದಿನ ಬ್ಲೋವರ್ ಹೊರಗೆ ತೆಗೆಯುವಷ್ಟು ಕೆಲಸ ಇರುವುದಿಲ್ಲ. ಆ ದಿನ ನೀವು ಬೇಗ ಎದ್ದು ಅವರ ಮನೆ ಮುಂದೂ ತೆಗೆಯಿರಿ. ಬ್ಲೋವರಿಗೆ ಪೆಟ್ರೋಲ್ ಹಾಕುವವರು ಅವರೇ ಅಲ್ವಾ, ಚಳಿಗಾಲದಲ್ಲಿ ಒಂದು ಸಲ ಕ್ಯಾನ್ ತುಂಬಿಸಿಕೊಟ್ಟರೆ ಬೇಡ ಅನ್ನಲಾರರು. ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಸ್ನೋ ಬಿದ್ದೂ ಅವರು ಕಾಣಿಸದ ಬೆಳಗ್ಗೆ ಸುಮ್ನೆ ಒಂದು ಫೋನ್ ಮಾಡಿ.

ಪ್ರಶ್ನೆ: ಮೂಲೆ ಮನೆ ನೋಡಿದ್ದೇವೆ, ಬೆಲೆಯೂ ಸರಿ ಇದೆ. ಎರಡೂ ಬೀದಿಯ ಸ್ನೋ ನಾವೇ ತೆಗೆಯಬೇಕಂತೆ, ಹೌದಾ? ಇನ್ನೊಂದು: ರಸ್ತೆಯಲ್ಲಿ ಸ್ನೋ ತೆಗೆದು ಕಾರಿಗೆ ಜಾಗ ಮಾಡಿಕೊಂಡವರು ಕುರ್ಚಿ ಇಡುತ್ತಾರಲ್ಲ, ನಾವೂ ಇಡಬಹುದಾ?
— ಹೊಸದಾಗಿ ಮನೆ ಕೊಳ್ಳುವವರು

ಉತ್ತರ: ಹೌದು, ಎರಡೂ ಕಡೆ. ಶಿಕಾಗೊದ ಮಾಮೂಲಿ ಸೈಟು 25 ಅಡಿ ಅಗಲ, 125 ಅಡಿ ಉದ್ದ. ಮಧ್ಯದ ಮನೆಯವರಿಗೆ 25 ಅಡಿ, ನಿಮಗೆ ಅದರ ಜೊತೆ ಇನ್ನೂ 125. ಮೂಲೆಯಲ್ಲಿ ರಸ್ತೆಗೆ ಇಳಿಯುವ ರ‍್ಯಾಂಪ್ ಕೂಡ ತೆಗೆಯಬೇಕು. ನೇಗಿಲು ಕಟ್ಟಿದ ನಗರದ ಲಾರಿ ಬಂದು ರಸ್ತೆಯದ್ದನ್ನೆಲ್ಲ ಅಲ್ಲಿಗೇ ಒತ್ತಿ ಹೋಗುತ್ತದೆ, ಗಟ್ಟಿ ಉಂಡೆ ಉಂಡೆಯಾಗಿ. ಮನೆ ಕೊಳ್ಳಿ, ಆದರೆ ಸ್ನೋಬ್ಲೋವರ್ ಖರ್ಚನ್ನೂ ಈಗಲೇ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಕುರ್ಚಿ ವಿಷಯ: ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಇದೆಯಲ್ಲ, ಅದೇ ಇದು. ಕಾನೂನಿನಲ್ಲಿ ಬೆಲೆಯಿಲ್ಲ, ಬೀದಿಯಲ್ಲಿ ಭಾರೀ ಬೆಲೆ. ಇಲ್ಲಿಯವರು ಇದಕ್ಕೆ ಡಿಬ್ಸ್ ಅನ್ನುತ್ತಾರೆ. ನಾನು ಕುರ್ಚಿ ಇಡಲ್ಲ, ಇಟ್ಟವರದ್ದನ್ನು ಸರಿಸಲೂ ಹೋಗಲ್ಲ. ಆದರೆ ಕಾರಿನ ಸುತ್ತ ತೆಗೆದ ಸ್ನೋವನ್ನು ಸೈಡ್‌ವಾಕ್ ಮೇಲೆ ಎಸೆಯಬೇಡಿ. ಸೈಡ್‌ವಾಕ್‌ನದ್ದನ್ನು ರಸ್ತೆಗೂ ತಳ್ಳಬೇಡಿ, ಬೆಂಕಿ ನಂದಿಸುವ ಹೈಡ್ರಂಟ್ ಮುಚ್ಚಬೇಡಿ. ನಡುವೆ ಹುಲ್ಲಿನ ಪಟ್ಟಿ ಇದೆಯಲ್ಲ, ಅಲ್ಲಿ ಗುಡ್ಡೆ ಹಾಕಿ.

ಪ್ರಶ್ನೆ: ನಾನು ಮೈಸೂರಿನವನು, ವಯಸ್ಸು 68. ಮಗ, ಸೊಸೆ ಶಿಕಾಗೊದಲ್ಲಿದ್ದಾರೆ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಬೆಳಗ್ಗೆ ಬೆಳಗ್ಗೆ ಇಬ್ಬರೂ ಹಿಮ ಬಾಚುತ್ತಿರುತ್ತಾರೆ. ಅಷ್ಟು ಟ್ಯಾಕ್ಸ್ ಕಟ್ಟಿಸಿಕೊಂಡು ಅಲ್ಲಿಯ ಕಾರ್ಪೊರೇಷನ್ ಏನು ಮಾಡುತ್ತದೆ? ಜನವರಿಯಲ್ಲಿ ಹೋಗುವವನಿದ್ದೇನೆ. ನಾನೂ ಕೈಜೋಡಿಸಬಹುದಾ?
— ಒಬ್ಬ ತಂದೆ, ಮೈಸೂರು

ಉತ್ತರ: ರಾಯರೇ, ನಿಮ್ಮ ಪ್ರಶ್ನೆಯನ್ನೇ ಇಲ್ಲಿಯವರೂ ಕೇಳುತ್ತಿದ್ದಾರೆ. ಕಾರ್ಪೊರೇಷನ್ ರಸ್ತೆ ತೆಗೆಯುತ್ತದೆ, ಮನೆಗಳ ಮುಂದಿನ ಕಾಲುದಾರಿ ಮನೆಯವರಿಗೆ ಬಿಟ್ಟಿದೆ. ರಸ್ತೆ ವಿಷಯದಲ್ಲಿ ಊರಿನವರು ಎಷ್ಟು ಖಡಕ್ಕು ಅಂದರೆ, 1979ರ ಹಿಮಪಾತದಲ್ಲಿ ರಸ್ತೆ ತೆಗೆಯಲು ಸೋತ ಮೇಯರ್ ಮೈಕಲ್ ಬಿಲಾಂಡಿಕ್ ಅವರನ್ನು ಮುಂದಿನ ತಿಂಗಳು ಪಕ್ಷದೊಳಗೆ ಅಭ್ಯರ್ಥಿ ಆರಿಸುವ ಚುನಾವಣೆಯಲ್ಲೇ ಮನೆಗೆ ಕಳಿಸಿ, ಜೇನ್ ಬರ್ನ್ ಅವರನ್ನು ಗೆಲ್ಲಿಸಿದರು. ಕಾಲುದಾರಿಗಾಗಿ ಯಾರೂ ಇನ್ನೂ ಸೋತಿಲ್ಲ, ಅದಕ್ಕೇ ಈ ಅವಸ್ಥೆ ಅಂತ ನನ್ನ ಲೆಕ್ಕ. ಟೊರೊಂಟೊದಲ್ಲಿ ನಗರಪಾಲಿಕೆಯೇ ಸಣ್ಣ ಯಂತ್ರ ಬಿಟ್ಟು ಸೈಡ್‌ವಾಕ್ ತೆಗೆಸುತ್ತದೆ. ಶಿಕಾಗೊದಲ್ಲೂ ಅಂಥದ್ದೊಂದು ಪ್ರಯೋಗಕ್ಕೆ ಯೋಜನೆ ರೂಪಿಸಿ ಅಂತ ನಗರಸಭೆ 2023ರಲ್ಲಿ ಠರಾವು ಮಾಡಿತು. ವಯಸ್ಸಾದವರಿಗೆ, ಕೈಲಾಗದವರಿಗೆ ಸ್ವಯಂಸೇವಕರನ್ನು ಜೋಡಿಸುವ 'ಸ್ನೋ ಕೋರ್' ಇದೆ, 311ಕ್ಕೆ ಫೋನ್ ಮಾಡಿ ಕೇಳಿಕೊಳ್ಳಬೇಕು. ನನಗೆ ಕೇಳಿದರೆ ಕಾರಿಗಿಂತ ಮೊದಲು ಕಾಲಿಗೆ ದಾರಿ ಮಾಡಬೇಕು. ಬಸ್ಸಿಗೆ ಹೋಗುವವರೂ ಟ್ಯಾಕ್ಸ್ ಕಟ್ಟುತ್ತಾರೆ.

ಇನ್ನು ನೀವು ಶವೆಲ್ ಹಿಡಿಯುವ ವಿಷಯ. ಬೇಡ. ಮರ್ಯಾದೆಗೆ ಹೇಳುತ್ತಿಲ್ಲ. ಕೊರೆಯುವ ಚಳಿಯಲ್ಲಿ ರಕ್ತನಾಳ ಬಿಗಿಯುತ್ತದೆ, ಅದೇ ಹೊತ್ತಿಗೆ ಭಾರ ಎತ್ತಿದರೆ ಹೃದಯಕ್ಕೆ ಎರಡು ಕಡೆಯಿಂದ ಒತ್ತಡ. ಪ್ರತಿ ಚಳಿಗಾಲ ಇಲ್ಲಿ ಸ್ನೋ ತೆಗೆಯುತ್ತಲೇ ಹೃದಯಾಘಾತ ಆದವರ ಸುದ್ದಿ ಬರುತ್ತದೆ. ಒದ್ದೆ ಸ್ನೋ ನೋಡಲು ಹತ್ತಿ, ಎತ್ತಿದರೆ ಕಲ್ಲು. ಮಗನಿಗೂ ಹೇಳಿ, ಎತ್ತಿ ಎಸೆಯಬೇಡ, ತಳ್ಳು ಅಂತ.

ನಿಮಗೆ ಬೇರೆ ಕೆಲಸ ಇದೆ, ಉಪ್ಪು ಹಾಕುವುದು. ಅವರು ಸ್ನೋ ತೆಗೆದ ಮೇಲೆ ಹೋಗಿ, ಬೂಟಿಗೆ ಹಲ್ಲಿನ ರಬ್ಬರ್ ಪಟ್ಟಿ ಸಿಕ್ಕಿಸಿಕೊಂಡೇ ಹೋಗಿ. ಜನ ಇಲ್ಲಿ ಉಪ್ಪನ್ನು ಗೊಬ್ಬರದ ಹಾಗೆ ಸುರಿಯುತ್ತಾರೆ. ಅಷ್ಟೆಲ್ಲ ಬೇಡ. ಒಂದು ಕಾಫಿ ಮಗ್ ತುಂಬ ಉಪ್ಪು ಸೈಡ್‌ವಾಕ್‌ನ ಹತ್ತು ಚೌಕಕ್ಕೆ ಸಾಕು. ಕಾಳು ಕಾಳು ಬಿಡಿಯಾಗಿ ಬೀಳಬೇಕು. ಜಾಸ್ತಿಯಾದದ್ದು ಕರಗಿ ಗಿಡದ ಬೇರಿಗೆ, ಚರಂಡಿಗೆ ಹೋಗುತ್ತದೆ, ನಾಯಿಗಳ ಪಾದವೂ ಉರಿಯುತ್ತದೆ. ಕಲ್ಲುಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್ ತನಕ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತರಿಸಿ, ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಅದೂ ಇಲ್ಲದಿದ್ದರೆ ಮರಳು ಎರಚಿ. ಐಸ್ ಕರಗುವುದಿಲ್ಲ, ಆದರೆ ಕಾಲು ನಿಲ್ಲುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರಿಗೆ "ಜನವರಿ, ಶಿಕಾಗೊ" ಅಂತ ಹೇಳಿ ಕೇಳಿಕೊಳ್ಳಿ. ಬೂಟು ಮೈಸೂರಿನಲ್ಲಿ ಕೊಳ್ಳಬೇಡಿ, ಇಲ್ಲಿ ಬಂದು ಕೊಳ್ಳಿ.