ಡಬ್ಬದ ಮೇಲಿನ ಹೆಸರು ಬರೆದಿಟ್ಟುಕೊಳ್ಳಿ

ಬಣ್ಣ ಗಟ್ಟಿಯಾಗಲಿ ಅಂತ ಹಾರ್ಡನರ್ ಬೆರೆಸಿ ಸ್ಪ್ರೇ ಪೇಂಟ್ ಹೊಡೆಯುವ ಕೆಲಸ ನಿಮ್ಮದು. ಕೆಲವು ತಿಂಗಳಿಂದ ರಾತ್ರಿ ಹೊತ್ತು ಕೆಮ್ಮು, ಎದೆ ಬಿಗಿತ. ರಜೆ ಹಾಕಿದರೆ ಕಡಿಮೆಯಾಗುತ್ತದೆ. ಮ್ಯಾನೇಜರ್ ಮಾತ್ರ ‘ಸಿಗರೇಟ್ ಬಿಡು’ ಅಂತಾರೆ. ಕೈಯಲ್ಲಿ ಒಂದು ಕಾಗದವೂ ಇಲ್ಲ, ಪರಿಹಾರ ಕೇಳಬಹುದಾ ಅಂತ ಬರೆದಿದ್ದೀರಿ.

ಕೇಳಬಹುದು. ಕಾಯಿಲೆ ಇದೆ ಅಂತ ತೋರಿಸುವುದು ಸುಲಭ. ಈ ಕೆಲಸದಿಂದಲೇ ಬಂತು ಅಂತ ತೋರಿಸುವುದೇ ಕಷ್ಟ. ಎದುರಿನ ವಕೀಲರು ಹಿಡಿಯುವುದೂ ಅದನ್ನೇ.

ಮೊದಲು ಹಾರ್ಡನರ್ ಡಬ್ಬದ ಫೋಟೊ ತೆಗೆಯಿರಿ. ಹೆಸರು, ಬ್ಯಾಚ್ ನಂಬರ್ ಕಾಣುವಂತಿರಲಿ. ಆಮೇಲೆ ಅದರ ಸೇಫ್ಟಿ ಡೇಟಾ ಶೀಟ್ (ಆ ಸರಕಿನ ಅಪಾಯ, ಎಚ್ಚರಿಕೆಗಳನ್ನು ತಿಳಿಸುವ ಕಾಗದ) ಕೇಳಿ, ಬಾಯಲ್ಲಿ ಅಲ್ಲ, ಬರವಣಿಗೆಯಲ್ಲಿ. ಅದರಲ್ಲಿ 16 ಭಾಗಗಳಿರುತ್ತವೆ. 3ನೆಯದರಲ್ಲಿ ಏನೇನು ಬೆರೆಸಿದೆ ಅಂತ ಇರುತ್ತದೆ. 8ನೆಯದು ನಿಮಗೆ ಮುಖ್ಯ: ಯಾವ ಮಾಸ್ಕ್, ಗಾಳಿಯ ವ್ಯವಸ್ಥೆ ಹೇಗಿರಬೇಕು ಅನ್ನುವುದು ಅಲ್ಲಿದೆ. ಅದರಲ್ಲಿ ಹೇಳಿದ್ದು ಒಂದು, ನಿಮಗೆ ಕೊಟ್ಟಿದ್ದು ಬರೀ ಬಟ್ಟೆ ಮಾಸ್ಕ್ ಅಂತಾದರೆ ನಿಮ್ಮ ಕೇಸಿಗೆ ಅರ್ಧ ಬಲ ಬಂದ ಹಾಗೆ.

ಇಂಥ ಹಾರ್ಡನರ್‌ಗಳಲ್ಲಿ ಬಹಳಷ್ಟು ಸಲ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದರಿಂದ ಅಸ್ತಮಾ ಬರುವುದು ವೈದ್ಯರಿಗೆ ಹೊಸದೇನಲ್ಲ. ಲಕ್ಷಣ ಕಾಣಿಸಿಕೊಳ್ಳುವುದು ಶಿಫ್ಟ್ ಮುಗಿದು ಎಷ್ಟೋ ಗಂಟೆ ಆದಮೇಲೂ ಇರಬಹುದು. ಹಾಗಾಗಿ ‘ಕೆಲಸದ ಹೊತ್ತಲ್ಲಿ ಚೆನ್ನಾಗೇ ಇದ್ದನಲ್ಲ’ ಅನ್ನುವ ಮಾತಿಗೆ ಹೆದರಬೇಡಿ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ, ಪೀಕ್ ಫ್ಲೋ ಮೀಟರ್ ಅಂತ ಒಂದು ಸಣ್ಣ ಕೊಳವೆ ಸಿಗುತ್ತದೆ. ವೈದ್ಯರನ್ನು ಕೇಳಿ, ದಿನಕ್ಕೆ ಕನಿಷ್ಠ 4 ಸಲ ಅದರಲ್ಲಿ ಊದಿ, ಅಂಕಿ ಬರೆದಿಡಿ. ಕೆಲಸದ ದಿನವೂ ರಜೆಯ ದಿನವೂ ಬರೆಯಬೇಕು. ಆ ಎರಡರ ವ್ಯತ್ಯಾಸವೇ ಸಾಕ್ಷಿ. ಹಾಗಂತ ಸಾಕ್ಷಿಗೋಸ್ಕರ ಸುಮ್ನೆ ಆ ಹಬೆ ಕುಡಿಯುತ್ತಾ ಕೂರಬೇಡಿ. ಒಮ್ಮೆ ದೇಹಕ್ಕೆ ಒಗ್ಗದೆ ಹೋದರೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟಬಹುದು. ಕೆಲಸಕ್ಕೆ ಹೋಗಬೇಕೋ ಬೇಡವೋ ಅನ್ನುವುದನ್ನು ವೈದ್ಯರು ಹೇಳಲಿ.

ಸಿಗರೇಟ್ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಆಮೇಲೆ ಹೊರಬಂದರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ, ಅಲ್ವಾ? ಸೇದುವವರಿಗೂ ಕೆಲಸದಿಂದ ಅಸ್ತಮಾ ಬರುತ್ತದೆ. ಯಾವ ಕೆಲಸ, ಯಾವ ಬಣ್ಣ, ದಿನಕ್ಕೆ ಎಷ್ಟು ಹೊತ್ತು ಅನ್ನುವುದು ಆಸ್ಪತ್ರೆ ಚೀಟಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ.

ವಕೀಲರ ಹತ್ತಿರ ತಡಮಾಡದೆ ಹೋಗಿ. ಅರ್ಜಿ ಹಾಕಲು ಕಾಲಮಿತಿ ಇರುತ್ತದೆ. ಮಾಲೀಕರಿಂದ ಪರಿಹಾರ ಕೇಳುವುದು ಒಂದು ದಾರಿ. ಡಬ್ಬದ ಮೇಲೆ ಸರಿಯಾದ ಎಚ್ಚರಿಕೆ ಇಲ್ಲದಿದ್ದರೆ ತಯಾರಕರನ್ನು ಕೇಳುವುದು ಇನ್ನೊಂದು. ಅಷ್ಟರೊಳಗೆ ಯಾರಾದರೂ ಸ್ವಲ್ಪ ದುಡ್ಡು ಕೊಟ್ಟು ‘ಇಲ್ಲಿಗೆ ಮುಗೀತು’ ಅನ್ನುವ ಕಾಗದ ಮುಂದಿಟ್ಟರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

– ಸಂ.