ಕ್ಯಾಂಡಿಯಿಂದ ಜೊತೆಗೆ ಬಂದ ಸೀರಿಯಲ್

ಈ ಸಲ ಬಂದ ಪತ್ರಗಳಲ್ಲಿ ಒಂದು ಮೂರು ಪುಟದ್ದು. ಸಕಲೇಶಪುರ ಕಡೆಯಿಂದ ಬಂದಿದೆ. ಅದನ್ನು ಓದಿದ ಮೇಲೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಬಿಟ್ಟೆ. ಹೊರದೇಶದ ಸೀರಿಯಲ್ ಬಗ್ಗೆ ಬಂದ ಪತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಉದ್ದ ಇದ್ದದ್ದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ, ಮಾತು ಅವರದ್ದೇ.

ಪ್ರಶ್ನೆ: ನನಗೆ 58 ವರ್ಷ. ನಮ್ಮದು ನಾಲ್ಕು ಎಕರೆ ಕಾಫಿ ತೋಟ. ಕೊಯ್ಲು ಮುಗಿದ ಮೇಲೆ ನಮ್ಮ ಮಹಿಳಾ ಸಂಘದವರು ಶ್ರೀಲಂಕಾ ಪ್ರವಾಸ ಹೋಗಿದ್ದೆವು. ನುವರ ಎಲಿಯ ಹತ್ತಿರದ ಸೀತಮ್ಮನ ಗುಡಿ ನೋಡಿ ಕ್ಯಾಂಡಿಗೆ ಬರುವಷ್ಟರಲ್ಲಿ ನನ್ನ ಕಾಲು ಊದಿಕೊಂಡಿತು. ಎಲ್ಲರೂ ಬುದ್ಧನ ದಂತ ಮಂದಿರಕ್ಕೆ ಹೋದರು, ನಾನು ಉಳಿದುಕೊಂಡ ಮನೆಯಲ್ಲೇ ಎರಡು ದಿನ ಕೂತೆ. ಆ ಮನೆಯ ಅಮ್ಮ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ಒಂದು ಕೊರಿಯಾ ಸೀರಿಯಲ್ ನೋಡುತ್ತಿದ್ದರು. ಅಲ್ಲಿ ಅದಕ್ಕೆ 'ಸುಜಾತ ದಿಯಣಿ' ಅನ್ನುತ್ತಾರೆ. ಮಾತೆಲ್ಲ ಸಿಂಹಳ, ನನಗೆ ಒಂದಕ್ಷರ ಗೊತ್ತಿಲ್ಲ. ಒಂದು ಚಿಕ್ಕ ಹುಡುಗಿ ದಿನಾ ಒಂದು ಬಟ್ಟಲು ನೀರು ತಂದುಕೊಡುತ್ತಾಳೆ, ಅವಳ ಗುರು ಬೇಡ ಅನ್ನುತ್ತಾಳೆ. ಆ ಅಮ್ಮ ತನ್ನ ಲೋಟ ಎತ್ತಿ ತೋರಿಸಿ 'ವತುರ, ವತುರ' ಅಂದರು. ನೀರು ಅಂತ ಅರ್ಥವಾಯಿತು. ಆಮೇಲೆ ಎದ್ದು ಬರಲು ಮನಸ್ಸೇ ಆಗಲಿಲ್ಲ.

ಊರಿಗೆ ಬಂದ ಮೇಲೆ ಮಗ ಹುಡುಕಿಕೊಟ್ಟ. ಇದು ಕೊರಿಯನ್ ಮಾತಿನದ್ದು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ, ನಾನು ಓದಿ ಮುಗಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಆದರೂ ರಾತ್ರಿ ಒಂದು ಗಂಟೆಯವರೆಗೆ ನೋಡುತ್ತೇನೆ. ಬೆಳಿಗ್ಗೆ ಎದ್ದು ರೊಟ್ಟಿ ತಟ್ಟುವಾಗಲೂ ಅದೇ ತಲೆಯಲ್ಲಿ. ನಮ್ಮ ಯಜಮಾನರು 'ಯಾವ ದೇಶದ್ದೋ ಏನೋ, ನಿನಗ್ಯಾಕೆ ಅದು' ಅನ್ನುತ್ತಾರೆ. ಈ ವಯಸ್ಸಿನಲ್ಲಿ ಇದು ತಪ್ಪಾ? ಆ ಕಥೆ ನಿಜವಾಗಿ ನಡೆದದ್ದಾ? ಇನ್ನೊಂದು, ಎಲ್ಲರೂ 'ಮಾಮಾ, ಮಾಮಾ' ಅನ್ನುತ್ತಾರೆ. ಹೆಂಗಸರನ್ನು ಯಾಕೆ ಮಾವ ಅನ್ನುತ್ತಾರೆ?
— ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಅಕ್ಕಾ, ತಪ್ಪಿಲ್ಲ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ನೋಡುತ್ತಿರುವುದು 'ದೇ ಜಾಂಗ್ ಗುಮ್'. ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿಯಲ್ಲಿ 2003ರ ಸೆಪ್ಟೆಂಬರಿನಿಂದ 2004ರ ಮಾರ್ಚ್‌ವರೆಗೆ ಬಂದದ್ದು, ಒಟ್ಟು 54 ಕಂತು. ನಿರ್ದೇಶಕರು ಲೀ ಬ್ಯುಂಗ್ ಹೂನ್, ಕಥೆಯ ನಾಯಕಿ ಜಾಂಗ್ ಗುಮ್ ಆದವರು ಲೀ ಯಂಗ್ ಏ. ಆಮೇಲೆ ಅದು ಹಾಂಗ್‌ಕಾಂಗಿಗೆ ಹೋಯಿತು, ಇರಾನಿಗೆ ಹೋಯಿತು, ಶ್ರೀಲಂಕಾದಲ್ಲಿ ಸಿಂಹಳಕ್ಕೆ ಡಬ್ ಆಗಿ ರೂಪವಾಹಿನಿಯಲ್ಲಿ ಬಂತು. ಹೋದಲ್ಲೆಲ್ಲ ಜನ ಮನೆಮಂದಿಯೆಲ್ಲ ಕೂತು ನೋಡಿದರು. ದಿಯಣಿ ಅಂದರೆ ಸಿಂಹಳದಲ್ಲಿ ಮಗಳು. ಹಾಗೆ ಹೆಸರಿಟ್ಟವರಿಗೆ ಕಥೆಯ ಜೀವ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ನಾನೂ ಪೂರ್ತಿ ನೋಡಿದ್ದೇನೆ. ಹಾಸನದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದ ಒಂದು ಜುಲೈಯಲ್ಲಿ ಶುರುಮಾಡಿದ್ದು. ನೀವು ಸಿಕ್ಕಿಹಾಕಿಕೊಂಡ ಆ ನೀರಿನ ದೃಶ್ಯದಲ್ಲೇ ನಾನೂ ಸಿಕ್ಕಿಹಾಕಿಕೊಂಡೆ. ನಿಮಗೆ ಸಿಂಹಳ ಬಾರದೆ ತಪ್ಪಿಹೋದ ಮಾತು ಇಷ್ಟು. ಅರಮನೆ ಅಡುಗೆಮನೆಯ ಹಾನ್ ಅನ್ನುವ ಗುರು ಹುಡುಗಿಗೆ ನೀರು ತಾ ಅನ್ನುತ್ತಾಳೆ. ಹುಡುಗಿ ಬಿಸಿ ನೀರು ತರುತ್ತಾಳೆ, ಬೇಡ. ತಣ್ಣೀರು ತರುತ್ತಾಳೆ, ಅದೂ ಬೇಡ. ಎಲೆ ತೇಲಿಸಿ ತಂದರೂ ಬೇಡ. ದಿನಗಟ್ಟಲೆ ಹೀಗೇ. ಕೊನೆಗೆ ಒಂದು ದಿನ ಹುಡುಗಿ ನೀರು ತರುವ ಮೊದಲು ಕೇಳುತ್ತಾಳೆ: ಹೊಟ್ಟೆ ನೋಯುತ್ತಿದೆಯಾ? ಹೊಟ್ಟೆ ಸರಿಯಾಗಿ ಕಳೆಯಿತಾ? ಗಂಟಲು ಕೆರೆತ ಇದೆಯಾ? ಗಂಟಲು ನೋವು ಅಂತ ಗೊತ್ತಾದ ಮೇಲೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ ತಂದು, ನಿಧಾನ ಕುಡಿಯಿರಿ ಅನ್ನುತ್ತಾಳೆ. ಅವಳ ತಾಯಿ ಮನೆಯಲ್ಲಿ ಹಾಗೆ ಕೇಳಿಯೇ ನೀರು ಕೊಡುತ್ತಿದ್ದಳು. ಗುರು ಕಾಯುತ್ತಿದ್ದದ್ದು ಆ ಪ್ರಶ್ನೆಗೆ, ನೀರಿಗಲ್ಲ.

ಅಕ್ಕಾ, ಇದು ನಿಮ್ಮ ಮನೆಯಲ್ಲಿ ದಿನಾ ನಡೆಯುವುದೇ ಅಲ್ವಾ? ಬಿಸಿಲಲ್ಲಿ ನಡೆದು ಬಂದವರಿಗೆ ಬೆಲ್ಲ, ನೀರು. ಶೀತ ಆದವರಿಗೆ ಮೆಣಸಿನ ಸಾರು, ಬಾಣಂತಿಗೆ ಬೇರೆ, ಜ್ವರ ಬಿಟ್ಟ ಮಗುವಿಗೆ ಮೆತ್ತಗಿನ ಗಂಜಿ. ಯಾರಿಗೆ ಏನು ಬೇಕು ಅಂತ ಮುಖ ನೋಡಿ ತಿಳಿಯುವ ಈ ಕೆಲಸವನ್ನು ನೀವು ಮೂವತ್ತು ವರ್ಷದಿಂದ ಮಾಡಿದ್ದೀರಿ. ಅದು ಒಂದು ವಿದ್ಯೆ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ಆ ಸೀರಿಯಲ್ 54 ಕಂತು ಕೂತು ಹೇಳುತ್ತದೆ. ಅಲ್ಲಿ ಅಡುಗೆಗೆ ಪರೀಕ್ಷೆ ಇದೆ, ಗುರು ಇದ್ದಾಳೆ, ಸೋಲು ಇದೆ, ಕಲಿತದ್ದಕ್ಕೆ ಬೆಲೆ ಇದೆ. ನಮ್ಮ ಎಷ್ಟೋ ಸೀರಿಯಲ್‌ಗಳಲ್ಲಿ ಅಡುಗೆಮನೆ ಅಂದರೆ ಹಾಲಿಗೆ ಏನೋ ಬೆರೆಸುವ ಜಾಗ, ಕದ್ದು ಕೇಳಿಸಿಕೊಳ್ಳುವ ಜಾಗ. ಅಲ್ಲಿ ಅದು ಪಾಠಶಾಲೆ. ನೀವು ಬಿಡಲಾರದೆ ನೋಡುತ್ತಿರುವುದು ಇದಕ್ಕೇ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಿಮ್ಮ ಯಜಮಾನರಿಗೂ ಆ ನೀರಿನ ಕಂತನ್ನು ಒಂದು ಸಲ ತೋರಿಸಿ, ಪಕ್ಕದಲ್ಲಿ ಕೂತು ಅರ್ಥ ಹೇಳಿ.

ಕಥೆ ನಿಜವಾ ಅಂತ ಕೇಳಿದಿರಿ. ಜಾಂಗ್ ಗುಮ್ ಅನ್ನುವ ಹೆಣ್ಣು ವೈದ್ಯೆ ನಿಜವಾಗಿ ಇದ್ದಳು. ಆಗ ಕೊರಿಯಾ ಆಳುತ್ತಿದ್ದ ಜೋಸನ್ ರಾಜವಂಶದವರು ದಿನದಿನದ ಸಂಗತಿ ಬರೆಸಿಟ್ಟ ದೊಡ್ಡ ದಾಖಲೆ ಇದೆ, 1997ರಲ್ಲಿ ಯುನೆಸ್ಕೋ ಅದನ್ನು ವಿಶ್ವದ ನೆನಪುಗಳ ಪಟ್ಟಿಗೆ ಸೇರಿಸಿತು. ಅದರಲ್ಲಿ ಅವಳ ಹೆಸರು ಕೆಲವೇ ಕಡೆ, ಒಂದೆರಡು ಸಾಲಿನಲ್ಲಿ ಬರುತ್ತದೆ. 1515ರಲ್ಲಿ ರಾಣಿ ಹೆರಿಗೆಯಾದ ಮೇಲೆ ತೀರಿಕೊಂಡಾಗ ಈ ವೈದ್ಯೆಗೆ ಶಿಕ್ಷೆಯಾಗಲಿ ಅಂತ ಒತ್ತಾಯ ಬಂತು. ಹೆರಿಗೆ ಮಾಡಿಸಿದ್ದರಲ್ಲಿ ಅವಳ ಶ್ರಮ ಇದೆ ಅಂತ ರಾಜ ಜುಂಗ್‌ಜೊಂಗ್ ಅವಳ ಪರ ಮಾತಾಡಿದ. 1544ರಲ್ಲಿ ಅವನೇ ಕಾಯಿಲೆ ಬಿದ್ದಾಗ, ನನ್ನ ಕಾಯಿಲೆಯ ಸ್ಥಿತಿ ಆ ವೈದ್ಯೆಗೆ ಗೊತ್ತು ಅಂದನಂತೆ. ಸುತ್ತ ಅಷ್ಟು ಮಂದಿ ಗಂಡಸರು ವೈದ್ಯರಿದ್ದ ಅರಮನೆಯಲ್ಲಿ ರಾಜ ಹೀಗೆ ಹೇಳಿದ ಅನ್ನುವುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಅಡುಗೆಮನೆಯ ಬಾಲ್ಯ, ಹಾನ್ ಗುರು, ಪೈಪೋಟಿ, ಪ್ರೀತಿ ಇವೆಲ್ಲ ಬರೆದವರ ಕಲ್ಪನೆ. ಕಾಲ ಯಾವುದು ಅಂತ ಬೇಕಿದ್ದರೆ ಹೀಗೆ ನೆನಪಿಡಿ: ಆ ರಾಜ ಪಟ್ಟಕ್ಕೆ ಬಂದದ್ದು 1506ರಲ್ಲಿ. ನಮ್ಮ ಕೃಷ್ಣದೇವರಾಯ 1509ರಲ್ಲಿ. ಹಂಪಿಯಲ್ಲಿ ಅವನು ಆಳುತ್ತಿದ್ದಾಗ ಅಲ್ಲಿ ಇವಳು ನಾಡಿ ಹಿಡಿದು ನೋಡುತ್ತಿದ್ದಳು.

'ಮಾಮಾ' ಅಂದರೆ ಮಾವ ಅಲ್ಲ. ಅರಮನೆಯ ದೊಡ್ಡವರನ್ನು ಮರ್ಯಾದೆಯಿಂದ ಕರೆಯುವ ಮಾತು. ರಾಣಿಗೂ ಸಲ್ಲುತ್ತದೆ. ಗುರುಗಳನ್ನು ಕರೆಯುವಾಗ ಅದು 'ಮಾಮಾನಿಮ್' ಆಗುತ್ತದೆ, ನಾವು 'ಅಮ್ಮಾವ್ರೇ' ಅಂದ ಹಾಗೆ.

ಇನ್ನು ನಿದ್ದೆ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಗಂಟೆಗೆ ಮಲಗಿ ಐದಕ್ಕೆ ಎದ್ದರೆ ನಿಮ್ಮ ವಯಸ್ಸಿಗೆ ಅದು ಸಾಲದು. ಕಾಲು ಊದಿದ್ದನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ, ಪ್ರಯಾಣದ ಆಯಾಸ ಅಂತ ಸುಮ್ನೆ ಇರಬೇಡಿ. ಕೊರಿಯಾದವರು ಈ ಸೀರಿಯಲ್ಲನ್ನು ವಾರಕ್ಕೆ ಎರಡು ಕಂತು, ಸೋಮವಾರ ಮತ್ತು ಮಂಗಳವಾರ ನೋಡಿದರು. ಆರು ತಿಂಗಳು ಕಾದು ಕಾದು ನೋಡಿದರು. ಕಂತಿನ ಕೊನೆಗೆ ಒಂದು ಗಂಟು ಹಾಕಿ ನಿಲ್ಲಿಸುವುದು ಮುಂದಿನ ವಾರ ಜನ ಮತ್ತೆ ಬರಲಿ ಅಂತ. ನಿಮ್ಮ ಫೋನಿನಲ್ಲಿ ಆ ಮುಂದಿನ ವಾರ ಹತ್ತು ಸೆಕೆಂಡಿಗೇ ಬಂದುಬಿಡುತ್ತದೆ. ಹಾಗಾಗಿ ಕಂತು ಮುಗಿದಾಗ ನಿಲ್ಲಿಸಲು ನೋಡಬೇಡಿ, ಆಗುವುದಿಲ್ಲ, ಯಾರ ಕೈಲೂ ಆಗುವುದಿಲ್ಲ. ನಡುವೆ ನಿಲ್ಲಿಸಿ. ಹಿಂದಿನ ಗಂಟು ಬಿಚ್ಚಿ, ಎಲ್ಲರೂ ಊಟಕ್ಕೆ ಕೂತಿದ್ದಾರೆ ಅನ್ನುವಂಥ ಜಾಗ ಸಾಮಾನ್ಯವಾಗಿ ಕಂತು ಶುರುವಾಗಿ ಕಾಲು ಗಂಟೆಗೆ ಬರುತ್ತದೆ. ಅಲ್ಲಿ ಫೋನ್ ಇಟ್ಟುಬಿಟ್ಟರೆ ನಿದ್ದೆ ಬರುತ್ತದೆ. ನನಗೆ ಕೆಲಸಕ್ಕೆ ಬಂದ ಉಪಾಯ ಇದೊಂದೇ. ಮುಂದಿನ ಕಂತು ತಾನಾಗಿ ಓಡುವುದನ್ನು ಬಂದ್ ಮಾಡಲು ಮಗನಿಗೆ ಹೇಳಿ.

ಅಕ್ಷರ ಓಡಿಹೋಗುವುದಕ್ಕೂ ದಾರಿ ಇದೆ. ಯೂಟ್ಯೂಬ್‌ನಲ್ಲಿ ವಿಡಿಯೋ ಓಡುವ ವೇಗವನ್ನು 0.75ಕ್ಕೆ ಇಳಿಸಬಹುದು. ಮಾತು ಸ್ವಲ್ಪ ಎಳೆದ ಹಾಗೆ ಕೇಳುತ್ತದೆ, ಆದರೆ ಓದಲು ಸಮಯ ಸಿಗುತ್ತದೆ. ಸಬ್‌ಟೈಟಲ್ ಅನ್ನು ಕನ್ನಡಕ್ಕೆ ತಿರುಗಿಸುವ ಸೌಲಭ್ಯವೂ ಕೆಲವು ವಿಡಿಯೋಗಳಿಗೆ ಇದೆ. ಆ ಕನ್ನಡ ಯಂತ್ರದ ಕನ್ನಡ, ಹತ್ತರಲ್ಲಿ ನಾಲ್ಕು ಸಾಲು ಕಾಲು ಕೈ ಮುರಿದುಕೊಂಡಿರುತ್ತವೆ. ಇಂಗ್ಲಿಷಿನ ಜೊತೆ ಅದನ್ನೂ ಇಟ್ಟುಕೊಂಡು ಊಹಿಸಿಕೊಳ್ಳಬೇಕು, ಅಷ್ಟೇ.

ಪ್ರಶ್ನೆ: ನಾನು ಅರಸೀಕೆರೆಯವನು. ದುಬೈಗೆ ಮೂರು ತಿಂಗಳ ಕೆಲಸಕ್ಕೆ ಹೋಗಿದ್ದಾಗ ರೂಮಿನವರ ಜೊತೆ ಟರ್ಕಿಯ 'ಎರ್ತುಗ್ರುಲ್' ನೋಡಲು ಶುರುಮಾಡಿದೆ. ಈಗ ಬಿಡಲು ಆಗುತ್ತಿಲ್ಲ. ಒಂದು ಕಡೆ ಒಟ್ಟು 150 ಕಂತು ಅಂತ ಇದೆ, ಇನ್ನೊಂದು ಕಡೆ 448 ಅಂತ ಇದೆ. ನಾನು ಏನಾದರೂ ಬಿಟ್ಟಿದ್ದೇನಾ?

ಉತ್ತರ: ಏನೂ ಬಿಟ್ಟಿಲ್ಲ. ಟರ್ಕಿಯ ಟಿವಿಯಲ್ಲಿ ಸೀರಿಯಲ್ ವಾರಕ್ಕೊಮ್ಮೆ ಬರುತ್ತದೆ, ಒಂದೊಂದು ಕಂತು ಎರಡು ಗಂಟೆಯಷ್ಟು, ಸುಮಾರು ಒಂದು ಸಿನಿಮಾದ ಹಾಗೆ. ಹೊರದೇಶಕ್ಕೆ ಮಾರುವಾಗ ಅದನ್ನೇ ಮುಕ್ಕಾಲು ಗಂಟೆಯ ತುಂಡು ಮಾಡುತ್ತಾರೆ. ನಿಮ್ಮದು ಟಿಆರ್‌ಟಿ ವಾಹಿನಿಯಲ್ಲಿ 2014ರಿಂದ 2019ರವರೆಗೆ ಐದು ಸೀಸನ್ ಬಂದದ್ದು. ಅವರ ಲೆಕ್ಕದಲ್ಲಿ 150, ತುಂಡು ಮಾಡಿದವರ ಲೆಕ್ಕದಲ್ಲಿ 448. ಎರಡು ಕಡೆ ಬದಲಾಯಿಸಿ ಬದಲಾಯಿಸಿ ನೋಡಿದರೆ ಮಾತ್ರ ಎಲ್ಲಿದ್ದೇವೆ ಅಂತ ತಪ್ಪುತ್ತದೆ. ಒಂದೇ ಕಡೆ ನೋಡಿ.

ಪ್ರಶ್ನೆ: ಇಂಥ ಒಳ್ಳೆಯ ಸೀರಿಯಲ್‌ಗಳು ಸಿಂಹಳಕ್ಕೆ ಬರುತ್ತವೆ, ಕನ್ನಡಕ್ಕೆ ಯಾಕೆ ಬರುವುದಿಲ್ಲ? ನಮ್ಮ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ.
— ಶಿಕ್ಷಕಿ, ಬೇಲೂರು

ಉತ್ತರ: ಮೇಡಂ, ಡಬ್ಬಿಂಗ್ ಬೇಡ ಅನ್ನುವುದು ಕನ್ನಡ ಚಿತ್ರರಂಗದ ದಶಕಗಳ ನಿಲುವಾಗಿತ್ತು. ನಮ್ಮ ಮಾರುಕಟ್ಟೆ ಸಣ್ಣದು, ಹೊರಗಿನದು ನುಗ್ಗಿದರೆ ನಮ್ಮ ಕಲಾವಿದರು, ತಂತ್ರಜ್ಞರು ಕೆಲಸ ಕಳೆದುಕೊಳ್ಳುತ್ತಾರೆ ಅನ್ನುವ ಭಯ ಅದರ ಹಿಂದೆ ಇತ್ತು. ಆ ಭಯ ಸುಳ್ಳಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಹೇಳಿ ಕನ್ನಡದ ಸಂಘಟನೆಗಳಿಗೆ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲಿ ಬಂತು, ಜನ ಎಷ್ಟು ಇಷ್ಟಪಟ್ಟು ನೋಡಿದರು ಅಂತ ನಿಮಗೇ ಗೊತ್ತು.

ನನ್ನ ಮಾತು ಕೇಳಿದರೆ, ಬರಲಿ. ಆದರೆ ಚೆನ್ನಾಗಿ ಬರೆಯಲು ಬರುವವರ ಕೈಗೆ ಕೊಟ್ಟು ಬರಲಿ. ಕೊರಿಯನ್ನರು ದೊಡ್ಡವರಿಗೆ, ಸಮಾನರಿಗೆ, ಚಿಕ್ಕವರಿಗೆ ಬೇರೆ ಬೇರೆ ಥರ ಮಾತಾಡುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದೆಲ್ಲ ಒಂದೇ 'ಯು' ಆಗಿ ಸತ್ತುಹೋಗುತ್ತದೆ. ನಮ್ಮಲ್ಲಿ ನೀನು ಇದೆ, ನೀವು ಇದೆ, ತಾವು ಇದೆ. ಗುರು 'ಬಾರೇ' ಅಂದರೆ ಒಂದು, 'ಬಾಮ್ಮಾ' ಅಂದರೆ ಇನ್ನೊಂದು. ಇಷ್ಟೆಲ್ಲ ಇಟ್ಟುಕೊಂಡೂ ನಿಮ್ಮ ಅಮ್ಮನಿಗೆ ಆ ಕಥೆ ಸಿಗುತ್ತಿಲ್ಲ ಅನ್ನುವುದು ನನಗೂ ನೋವಿನ ವಿಷಯ. ಅಲ್ಲಿಯವರೆಗೆ ನೀವೇ ಪಕ್ಕ ಕೂತು ಹೇಳಿ. ಬಾಯಲ್ಲಿ ಕಥೆ ಹೇಳುವುದು ನಮಗೆ ಹೊಸದಲ್ಲ.

ಪ್ರಶ್ನೆ: ನಾನು 8ನೇ ಕ್ಲಾಸ್, ಕಡೂರು. ಅಜ್ಜಿ ಜೊತೆ ಕೊರಿಯನ್ ಸೀರಿಯಲ್ ನೋಡುತ್ತೇನೆ. ಅವರೂ 'ಅಪ್ಪಾ' ಅನ್ನುತ್ತಾರೆ! ಅದು ನಮ್ಮ ಅಪ್ಪನೇನಾ? ನನಗೆ ಕೊರಿಯನ್ ಓದಲು ಕಲಿಯಬೇಕು, ಕಷ್ಟವಾ?

ಉತ್ತರ: ಪುಟ್ಟಾ, ಸರಿಯಾಗಿ ಕೇಳಿಸಿಕೊಂಡಿದ್ದೀಯ. ಅವರಲ್ಲೂ ಮಕ್ಕಳು ಅಪ್ಪನನ್ನು 'ಅಪ್ಪಾ' ಅಂತಲೇ ಕರೆಯುತ್ತಾರೆ, ಅಮ್ಮನನ್ನು 'ಒಮ್ಮಾ' ಅಂತ. ಆದರೆ ಎರಡೂ ಭಾಷೆ ಅಕ್ಕತಂಗಿ ಅಂತ ಹೇಳಲು ಅದಷ್ಟೇ ಸಾಲದು. ಮಗುವಿನ ತುಟಿಗೆ ಮೊದಲು ಸುಲಭವಾಗುವುದು ಪ, ಬ, ಮ. ಹಾಗಾಗಿ ಲೋಕದ ತುಂಬ ಅಪ್ಪ ಅಮ್ಮಂದಿರ ಹೆಸರು ಹೀಗೇ ಇರುತ್ತದೆ.

ಓದಲು ಕಲಿಯುವುದು ನಿನಗೆ ಕಷ್ಟವಲ್ಲ. ಸೇಜೊಂಗ್ ಅನ್ನುವ ರಾಜ 1443ರಲ್ಲಿ ಈ ಲಿಪಿ ಮಾಡಿ, 1446ರಲ್ಲಿ ಜನರಿಗೆ ಕೊಟ್ಟ. ಚೀನಾದ ಸಾವಿರಾರು ಅಕ್ಷರ ಕಲಿಯಲಾಗದ ಸಾಮಾನ್ಯ ಜನರೂ ಓದಲಿ ಅಂತ. ಮೂಲ ಅಕ್ಷರ 24, ಅದರಲ್ಲಿ ವ್ಯಂಜನ 14, ಸ್ವರ 10. ನಮ್ಮ 'ಕ' ಮತ್ತು 'ಇ' ಸೇರಿ 'ಕಿ' ಆದ ಹಾಗೆ ಅವರಲ್ಲೂ ಎರಡು ಸೇರಿ ಒಂದು ಚೌಕ ಆಗುತ್ತದೆ, ಕೊನೆಯ ವ್ಯಂಜನ ನಮ್ಮ ಒತ್ತಕ್ಷರದ ಹಾಗೆ ಕೆಳಗೆ ಹೋಗಿ ಕೂರುತ್ತದೆ. ಒತ್ತಕ್ಷರ ಬರೆದು ಅಭ್ಯಾಸ ಇರುವ ನಿನಗೆ ಅದು ಬೇಗ ಹಿಡಿಯುತ್ತದೆ. ಮೊದಲು ನಿನ್ನ ಹೆಸರು, ಆಮೇಲೆ ಅಜ್ಜಿಯ ಹೆಸರು ಬರೆದು ನೋಡು. ಬರೆದದ್ದನ್ನು ನನಗೆ ಕಳಿಸು, ಕಾಯುತ್ತಿರುತ್ತೇನೆ.