ಫಿನ್ಲೆಂಡಿಗೆ ಒಬ್ಬರೇ ಹೊರಟಿದ್ದೀರಾ? ಚಳಿಗಲ್ಲ, ನವೆಂಬರಿಗೆ ಸಿದ್ಧರಾಗಿ

ಆಗಸ್ಟ್‌ನಲ್ಲಿ ಸ್ನಾತಕೋತ್ತರ ಓದಿಗೆಂದು ಒಬ್ಬರೇ ಔಲು ನಗರಕ್ಕೆ ಹೊರಟಿದ್ದೀರಿ. ಮೈನಸ್ 25 ಡಿಗ್ರಿ ಚಳಿ ತಡೆಯುವುದು ಹೇಗೆ, ಊರಿನಿಂದ ಏನೇನು ತರಬೇಕು ಎಂದು ಕೇಳಿದ್ದೀರಿ. ನಾನು ಸಾಗರದ ಕಡೆಯವಳು. ಔಲುವಿನಲ್ಲಿ ಇದು ನನ್ನ ಐದನೆಯ ಚಳಿಗಾಲ.

ಚಳಿಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ದುಡ್ಡಿನಿಂದ ನೀಗುವ ಕಷ್ಟ. ಇಲ್ಲಿಯ ಮನೆಗಳ ಕಿಟಕಿಗೆ ಮೂರು ಪದರ ಗಾಜು. ಒಳಗೆ ಸದಾ 21 ಡಿಗ್ರಿಯ ಆಸುಪಾಸು. ಬೆಂಗಳೂರಿನಲ್ಲಿ ದಪ್ಪ ಕೋಟು ಕೊಳ್ಳಬೇಡಿ. ಬಳಸಿದ ಬಟ್ಟೆ ಮಾರುವ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ, ಅಲ್ಲಿ ಒಳ್ಳೆಯ ಕೋಟು ಅಗ್ಗಕ್ಕೆ ಸಿಗುತ್ತದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದಿರಲಿ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಶೂ ಒಂದು ಅಳತೆ ದೊಡ್ಡದಿದ್ದರೆ ಉಣ್ಣೆಯ ಕಾಲುಚೀಲ ಹಿಡಿಸುತ್ತದೆ. ನಿಜವಾಗಿ ಹೆದರಬೇಕಾದದ್ದು ಮೈನಸ್ 25ಕ್ಕಲ್ಲ, ಸೊನ್ನೆಗೆ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ದಾರಿಯೆಲ್ಲ ಗಾಜು. ಎರಡನೆಯ ವರ್ಷ ಹಾಗೆ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ನಾನು ಅಡಿಯಲ್ಲಿ ಮೊಳೆಯಿರುವ ಶೂ ಕೊಂಡೆ. ನೀವು ಮೊದಲೇ ಕೊಳ್ಳಿ.

ನೀವು ಕೇಳದ ವಿಷಯ ನವೆಂಬರ್. ಫಿನ್ನಿಷ್‌ನಲ್ಲಿ ಅದರ ಹೆಸರು ಮರ್ರಸ್ಕೂ, ಸಾವಿನ ತಿಂಗಳು. ಗಡಿಯಾರದ ಲೆಕ್ಕದಲ್ಲಿ ಡಿಸೆಂಬರ್ ಇನ್ನೂ ಕತ್ತಲು: ಔಲುವಿನಲ್ಲಿ ಸೂರ್ಯ ಹತ್ತೂವರೆಗೆ ಹುಟ್ಟಿ ಎರಡು ಗಂಟೆಗೆ ಮುಳುಗುತ್ತಾನೆ. ಆದರೆ ಅಷ್ಟರಲ್ಲಿ ಹಿಮ ಬಿದ್ದಿರುತ್ತದೆ, ಬೀದಿದೀಪದ ಬೆಳಕಿಗೇ ನೆಲ ಬೆಳ್ಳಗೆ ಹೊಳೆಯುತ್ತದೆ. ನವೆಂಬರಿನಲ್ಲಿ ಬಹಳ ಸಲ ಅದೂ ಇಲ್ಲ. ಕಪ್ಪು ನೆಲ, ಕಪ್ಪು ಮರ, ಜಿಟಿಜಿಟಿ ಮಳೆ.

ನನ್ನ ಮೊದಲ ನವೆಂಬರಿನಲ್ಲಿ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಯಾರೊಂದಿಗೂ ಮುಖಾಮುಖಿ ಮಾತಾಡದ ವಾರಗಳಿದ್ದವು. ಚಳಿಗಾಲದಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ಅಂತರ. ನಾನು ಕೆಲಸ ಮುಗಿಸಿ ಕರೆ ಮಾಡುವಾಗ ಅಮ್ಮ ಹಾಸಿಗೆ ಹಾಸುತ್ತಿರುತ್ತಿದ್ದಳು. ಊಟ ಆಯಿತೇ ಎಂದರೆ ಆಯಿತು ಎನ್ನುತ್ತಿದ್ದೆ, ಆಗಿರುತ್ತಿರಲಿಲ್ಲ.

ಇಲ್ಲಿಯವರು ತಾವಾಗಿ ಮಾತಿಗೆ ಬರುವುದು ಕಡಿಮೆ. ಅದನ್ನು ತಿರಸ್ಕಾರವೆಂದು ನಾನು ತಿಂಗಳುಗಟ್ಟಲೆ ತಪ್ಪು ತಿಳಿದೆ. ಒಂದು ಸಂಜೆ ನಮ್ಮ ಕಟ್ಟಡದ ಅಜ್ಜಿಯೊಬ್ಬರು ನನ್ನನ್ನು ತಡೆದು, ತಮ್ಮ ಕೋಟಿನಲ್ಲಿ ತೂಗುತ್ತಿದ್ದ ವಾಹನದ ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆಯನ್ನು ಬಿಚ್ಚಿ ನನ್ನ ಕೋಟಿಗೆ ಸಿಕ್ಕಿಸಿ ಹೊರಟುಹೋದರು. ಒಂದೂ ಮಾತಿಲ್ಲ. ಕತ್ತಲಲ್ಲಿ ನಡೆಯುವವರು ಅದನ್ನು ಧರಿಸಬೇಕೆಂದು ಇಲ್ಲಿ ಕಾನೂನೇ ಇದೆ, ನನಗೆ ಗೊತ್ತಿರಲಿಲ್ಲ. ಆ ಬಿಲ್ಲೆ ಈಗಲೂ ನನ್ನ ಕೋಟಿನಲ್ಲಿದೆ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಕಟ್ಟಿಗೆ ಒಟ್ಟಿ, ಹಪ್ಪಳ ಒಣಗಿಸಿ, ಸೂರು ಸರಿಮಾಡಿಕೊಳ್ಳುತ್ತಾರಲ್ಲ, ನೀವೂ ಸೆಪ್ಟೆಂಬರಿನಲ್ಲಿಯೇ ಜನರನ್ನು ಒಟ್ಟಿಕೊಳ್ಳಿ. ಕತ್ತಲು ಹಿಡಿದ ಮೇಲೆ ಹೊಸ ಜಾಗಕ್ಕೆ ಹೋಗುವ ಮನಸ್ಸೇ ಬರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ, ಇದ್ದರೆ ವಾರಕ್ಕೊಂದು ಸರದಿ ಹೆಸರಿಗೆ ಬರೆಸಿ. ಗ್ರಂಥಾಲಯಗಳಲ್ಲಿ ನಡೆಯುವ ಭಾಷಾ ಕೆಫೆಗೆ ತಪ್ಪದೆ ಹೋಗಿ. ಕಾಫಿ ಕುಡಿಯುತ್ತ ಫಿನ್ನಿಷ್ ಮಾತಾಡಿಸುತ್ತಾರೆ.

ಇಂಗ್ಲಿಷಿನಲ್ಲೇ ಓದು ನಡೆಯುವುದರಿಂದ ಫಿನ್ನಿಷ್ ಏಕೆ ಎನ್ನಬೇಡಿ. ಹದಿನೈದು ವಿಭಕ್ತಿಗಳೆಂದು ಎಲ್ಲರೂ ಹೆದರಿಸುತ್ತಾರೆ, ಆದರೆ ಕನ್ನಡದವರಿಗೆ ಆ ಭಾಷೆಯ ನಡೆ ಪರಿಚಿತ. ‘ತಲೊ’ ಮನೆ, ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ: ನಮ್ಮ ಹಾಗೆಯೇ ಪ್ರತ್ಯಯ ಹಿಂದೆ ಅಂಟುತ್ತದೆ. ‘ನನ್ನ ಬಳಿ ಪುಸ್ತಕ ಇದೆ’ ಎನ್ನುವ ರೀತಿಯಲ್ಲಿಯೇ ಅವರೂ ಹೇಳುತ್ತಾರೆ. ಹ್ರಸ್ವ, ದೀರ್ಘ, ಒತ್ತಕ್ಷರ ನಮ್ಮ ಕಿವಿಗೆ ತಾನಾಗಿ ತಿಳಿಯುತ್ತವೆ. ‘ತಪಾನ್’ ಎಂದರೆ ಭೇಟಿಯಾಗುತ್ತೇನೆ, ‘ತಪನ್’ ಎಂದರೆ ಕೊಲ್ಲುತ್ತೇನೆ. ನನ್ನ ಜೊತೆ ಕಲಿಯುತ್ತಿದ್ದ ಬೇರೆ ದೇಶದವರು ಇಲ್ಲಿ ತಿಣುಕಾಡುವಾಗ ನನಗೆ ಮೊದಲ ಬಾರಿಗೆ ಈ ಊರಿನಲ್ಲಿ ಕಾಲೂರಿ ನಿಂತಂತಾಯಿತು.

ಬಂದ ವಾರವೇ ಗುರುತಿನ ಸಂಖ್ಯೆ ಮತ್ತು ಬ್ಯಾಂಕ್ ಖಾತೆಗೆ ಓಡಾಡಿ. ಸರ್ಕಾರಿ, ಆರೋಗ್ಯ ಜಾಲತಾಣಗಳೊಳಗೆ ಹೋಗಲು ಬ್ಯಾಂಕಿನ ಲಾಗಿನ್ನನ್ನೇ ಹೆಚ್ಚಾಗಿ ಬಳಸುತ್ತಾರೆ. ನನ್ನದು ಕೈಗೆ ಬರಲು ಆರು ವಾರ ಹಿಡಿಯಿತು.

ತರುವುದೇನು ಎಂದಿರಿ. ಸಾರಿನ ಪುಡಿ, ಇಂಗು, ಸಣ್ಣ ಒಗ್ಗರಣೆ ಸೌಟು. ದೋಸೆ ಹಿಟ್ಟು 21 ಡಿಗ್ರಿಯಲ್ಲಿ ಸುಲಭವಾಗಿ ಹುಳಿ ಬರುವುದಿಲ್ಲ. ಓವನ್ ಬಿಸಿ ಮಾಡದೆ ಅದರ ದೀಪವನ್ನಷ್ಟೇ ಉರಿಸಿ ರಾತ್ರಿಯಿಡೀ ಒಳಗಿಡಿ, ಬೆಳಿಗ್ಗೆ ಉಬ್ಬಿರುತ್ತದೆ. ಸ್ವಲ್ಪ ಹೆಚ್ಚೇ ರುಬ್ಬಿ, ಭಾಷಾ ಕೆಫೆಯ ಒಂದಿಬ್ಬರನ್ನು ಭಾನುವಾರ ಕರೆಯಿರಿ. ಕರೆದರೆ ಬರುತ್ತಾರೆ, ಹೇಳಿದ ಹೊತ್ತಿಗೆ ಸರಿಯಾಗಿ.